ಸೊಂಟ ನೋವು, ಆಸ್ಟಿಯೋಪಾತ್ ಮತ್ತು ಎಲ್ಲರೂ ಕೇಳುವ ಪ್ರಶ್ನೆಗಳು

ಸೊಂಟ ನೋವಿಗೆ ಆಸ್ಟಿಯೋಪಾತ್ ಹತ್ತಿರ, ಅಂದರೆ ಬೆನ್ನು, ಕೀಲು, ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವವರ ಹತ್ತಿರ, ಹೋಗುತ್ತೇನೆ ಅಂದಾಗ ಒಬ್ಬೊಬ್ಬರೂ ಒಂದೊಂದು ಕೇಳಿದರು. ತುಮಕೂರಿನಿಂದ ಅಮ್ಮ ಫೋನಿನಲ್ಲಿ, "ಅದೇನೇ ಅದು, ಪುತ್ತೂರು ಕಟ್ಟಿನವರ ಥರಾನಾ?" ಅಂದರು. ಡಲ್ಲಾಸ್‌ನಲ್ಲಿರುವ ಚಿಕ್ಕಮ್ಮನ ಮಗಳು, "ನಮ್ಮ ಫ್ಯಾಮಿಲಿ ಡಾಕ್ಟರೇ ಆಸ್ಟಿಯೋಪಥಿ ಓದಿದವರು ಕಣೇ. ಅವರು ಮಾತ್ರೆ ಬರ್ಕೊಡ್ತಾರೆ, ಬೆನ್ನು ಮುಟ್ಟೋದೇ ಇಲ್ಲ" ಅಂದಳು. ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಗೆಳತಿ ದನಿ ತಗ್ಗಿಸಿ, "ಬಟ್ಟೆ ತೆಗೀಬೇಕಂತಲ್ಲ, ಹೌದಾ?" ಅಂತ ಕೇಳಿದಳು. ನಮ್ಮನೆಯವರು ಕೇಳಿದ್ದು ಒಂದೇ, "ಎಷ್ಟಾಗುತ್ತೆ?"

ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ನನ್ನ ಹತ್ತಿರವೂ ಇನ್ನೊಂದಷ್ಟು ಇದ್ದವು. ನಾನು ಹೋದ ಆಸ್ಟಿಯೋಪಾತ್ ಅವುಗಳಲ್ಲಿ ಒಂದನ್ನೂ ತಳ್ಳಿಹಾಕಲಿಲ್ಲ. ನನ್ನ ಸೊಂಟಕ್ಕೆ ಎಷ್ಟು ಉಪಕಾರವಾಯಿತೋ, ನನ್ನ ಹೆದರಿಕೆಗೂ ಅಷ್ಟೇ ಉಪಕಾರವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು. ಊರಲ್ಲಿರುವವರಿಗೆ ಕೊನೆಗೆ ಸ್ವಲ್ಪ ಬೇರೆ ಮಾತು ಇದೆ.

ನೋವು ಶುರುವಾದದ್ದು ಊರಿಂದ ವಾಪಸ್ ಬಂದ ದಿನ. ಹೀಥ್ರೋ ಕಾರ್ ಪಾರ್ಕಿನಲ್ಲಿ 23 ಕೆಜಿ ಸೂಟ್‌ಕೇಸನ್ನು ಡಿಕ್ಕಿಗೆ ಎತ್ತುವಾಗ ಸೊಂಟದ ಬಲಗಡೆ ಚಳಕ್ ಅಂದಿತು. ವಿಮಾನದಲ್ಲಿ ಹತ್ತು ಗಂಟೆ ಕೂತು ಬಂದ ಮೈ ಬೇರೆ. ಮಾರನೇ ದಿನ ಬೆಳಿಗ್ಗೆ ಕಾಲುಚೀಲ ಹಾಕಿಕೊಳ್ಳಲು ಬಗ್ಗಲಾಗಲಿಲ್ಲ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ನೋವು ಪಿರ್ರೆಯಿಂದ ಇಳಿದು ತೊಡೆಯ ಹಿಂಭಾಗದವರೆಗೂ ಬರುತ್ತಿತ್ತು.

ಮೊದಲು ಹೋದದ್ದು ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ. ಅವರು ಪರೀಕ್ಷೆ ಮಾಡಿ, ನರಕ್ಕೆ ತೊಂದರೆಯಾದ ಲಕ್ಷಣ ಕಾಣುತ್ತಿಲ್ಲ ಅಂದರು. ಹಾಸಿಗೆ ಹಿಡಿಯಬೇಡಿ, ಆದಷ್ಟು ಓಡಾಡಿ, ಊಟದ ಜೊತೆ ಕೆಲವು ದಿನ ಐಬುಪ್ರೊಫೆನ್ ತಗೊಳ್ಳಿ ಎಂದರು. "ಸ್ಕ್ಯಾನ್ ಬೇಡ್ವಾ ಡಾಕ್ಟರ್?" ಅಂತ ಕೇಳಿದೆ. ಬೆಂಗಳೂರಲ್ಲಿ ನಮ್ಮ ಭಾವನಿಗೆ ಸೊಂಟ ಹಿಡಿದುಕೊಂಡಾಗ ಅವತ್ತು ಸಾಯಂಕಾಲವೇ ಎಂಆರ್‌ಐ ಮಾಡಿಸಿದ್ದರು. ಇಲ್ಲಿ ಹಾಗಲ್ಲ. ಯಾವ ಕಾಯಿಲೆಗೆ ಏನು ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಮಾಮೂಲಿ ಸೊಂಟ ನೋವಿಗೆ ಜಿಪಿ ಮಟ್ಟದಲ್ಲಿ ಎಲ್ಲರಿಗೂ ವಾಡಿಕೆಯಂತೆ ಸ್ಕ್ಯಾನ್ ಬರೆದುಕೊಡಬಾರದು. ಇದು ಖರ್ಚು ಉಳಿಸುವ ಉಪಾಯ ಅಂತ ನಮ್ಮವರಲ್ಲಿ ತುಂಬಾ ಜನ ಬೈಯುತ್ತಾರೆ. ಆದರೆ ಕಾರಣ ಕೇಳಿದರೆ ಒಪ್ಪಬೇಕಾಗುತ್ತದೆ. ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್‌ಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಒಂದು ದೊಡ್ಡ ವಿಮರ್ಶೆ ಪ್ರಕಟವಾಯಿತು. 20 ವರ್ಷದವರಲ್ಲೇ ಸುಮಾರು ಶೇ 30 ಜನಕ್ಕೆ ಡಿಸ್ಕ್, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ, ಉಬ್ಬಿತ್ತು. 80 ವರ್ಷದವರಲ್ಲಿ ಅದು ಶೇ 84. ಅಂದರೆ ಸ್ಕ್ಯಾನ್‌ನಲ್ಲಿ ಏನೋ ಕಂಡಿತು ಅಂದ ಮಾತ್ರಕ್ಕೆ ನೋವು ಅದರಿಂದಲೇ ಬಂತು ಅಂತ ಹೇಳಲಾಗದು. ಸುಮ್ನೆ ಆ ರಿಪೋರ್ಟು ಕೈಯಲ್ಲಿ ಹಿಡಿದು ಹೆದರುವವರೇ ಜಾಸ್ತಿ.

ಸರ್ಕಾರಿ ಫಿಸಿಯೋಥೆರಪಿಗೆ ಹೆಸರು ಬರೆಸಿದೆ. ಆದರೆ ಸರದಿ ಬರಲು ವಾರಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಆಫೀಸಿನ ಸಹೋದ್ಯೋಗಿ ತಾನು ಹೋಗುವ ಆಸ್ಟಿಯೋಪಾತ್ ಬಗ್ಗೆ ಹೇಳಿದಳು. ಜಿಪಿ ಚೀಟಿ ಬೇಕಾ ಅಂತ ವಿಚಾರಿಸಿದೆ. ಬೇಡ. ನಾವೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳಬಹುದು. ಖಾಸಗಿ ವಿಮೆಯಿಂದ ದುಡ್ಡು ಪಡೆಯುವುದಾದರೆ ಕೆಲವು ವಿಮೆಯವರು ಜಿಪಿ ಪತ್ರ ಕೇಳುತ್ತಾರೆ. ಮೊದಲೇ ಅವರಿಗೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಈ ಚಿಕಿತ್ಸೆ ಸಿಗುವುದು ಅಪರೂಪ. ಹೆಚ್ಚಿನವರು ಕೈಯಿಂದಲೇ ದುಡ್ಡು ಕೊಟ್ಟು ಹೋಗುತ್ತಾರೆ.

ಹೋಗುವ ಮೊದಲು ನಾನು ಮಾಡಿದ ಕೆಲಸ ಅಂದರೆ ಹೆಸರು ಪರೀಕ್ಷಿಸಿದ್ದು. ಬ್ರಿಟನ್ನಿನಲ್ಲಿ 1993ರ ಆಸ್ಟಿಯೋಪಾತ್ ಕಾಯ್ದೆ ಅಂತ ಒಂದಿದೆ. ಅದರ ಪ್ರಕಾರ ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ತಮ್ಮನ್ನು ಆಸ್ಟಿಯೋಪಾತ್ ಅಂತ ಕರೆದುಕೊಂಡರೆ ಅಪರಾಧ. ನೋಂದಣಿ ಬೇಕಾದರೆ ನಾಲ್ಕೈದು ವರ್ಷದ ಪದವಿ ಓದಿರಬೇಕು, ವಿಮೆ ಇರಬೇಕು, ಪ್ರತಿವರ್ಷ ಕಲಿಕೆ ಮುಂದುವರಿಸಬೇಕು. ಆ ಪಟ್ಟಿ ಎಲ್ಲರೂ ನೋಡುವ ಹಾಗೆ ಅಂತರಜಾಲದಲ್ಲಿದೆ. ಹೆಸರು ಹಾಕಿದರೆ ಸಾಕು, ಸಿಗುತ್ತದೆ. "ಬೋನ್ ಸ್ಪೆಷಲಿಸ್ಟ್", "ಬ್ಯಾಕ್ ಎಕ್ಸ್‌ಪರ್ಟ್" ಅಂತ ಬೋರ್ಡ್ ಹಾಕಿಕೊಂಡವರಿಗೆ ಈ ಕಾನೂನು ತಗಲುವುದಿಲ್ಲ. ಆದ್ದರಿಂದ ಬೋರ್ಡ್ ನೋಡಬೇಡಿ, ಪಟ್ಟಿ ನೋಡಿ.

ಡಲ್ಲಾಸ್ ತಂಗಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಆಸ್ಟಿಯೋಪಥಿ ಹುಟ್ಟಿದ್ದೇ ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಅನ್ನುವ ವೈದ್ಯರು ಅದನ್ನು ಶುರುಮಾಡಿದರು. 1864ರಲ್ಲಿ ಅವರ ಮನೆಯ ಮೂರು ಮಕ್ಕಳು ಮೆದುಳು ಜ್ವರದಿಂದ ತೀರಿಕೊಂಡರು. ತಾವೇ ವೈದ್ಯರಾಗಿದ್ದೂ ಉಳಿಸಿಕೊಳ್ಳಲಾಗಲಿಲ್ಲ. ಆ ಕಾಲದ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೋಯಿತು. 1874ರಲ್ಲಿ ತಮ್ಮ ಹೊಸ ಪದ್ಧತಿಯನ್ನು ಜನರ ಮುಂದಿಟ್ಟರು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಅಲ್ಲಿ ಪಾಠ ಮಾಡಿದ್ದ ಸ್ಕಾಟ್ಲೆಂಡಿನ ಜಾನ್ ಮಾರ್ಟಿನ್ ಲಿಟಲ್‌ಜಾನ್ 1917ರಲ್ಲಿ ಲಂಡನ್ನಿನಲ್ಲಿ ಒಂದು ಶಾಲೆ ಕಟ್ಟಿದರು. ಆಮೇಲೆ ಎರಡೂ ದೇಶದ ದಾರಿ ಬೇರೆಯಾಯಿತು. ಅಮೆರಿಕದಲ್ಲಿ ಆಸ್ಟಿಯೋಪಥಿ ಓದಿದವರು ಪೂರ್ತಿ ಡಾಕ್ಟರುಗಳು. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಅವರು ಡಾಕ್ಟರುಗಳಲ್ಲ. ಕೈಯಿಂದ ಚಿಕಿತ್ಸೆ ಮಾಡುತ್ತಾರೆ, ವ್ಯಾಯಾಮ ಹೇಳಿಕೊಡುತ್ತಾರೆ, ಬೇಕಾದರೆ ಜಿಪಿಗೆ ಪತ್ರ ಬರೆಯುತ್ತಾರೆ. ಮಾತ್ರೆ ಬರೆದುಕೊಡುವಂತಿಲ್ಲ. ತಂಗಿ ಹೇಳಿದ್ದೂ ಸರಿ, ನಾನು ನೋಡಿದ್ದೂ ಸರಿ.

ಈಗ ಬಟ್ಟೆಯ ವಿಷಯ. ಇದನ್ನು ನಾಚಿಕೆ ಬಿಟ್ಟು ಬರೆಯುತ್ತೇನೆ. ಯಾಕಂದರೆ ಇದೊಂದೇ ಕಾರಣಕ್ಕೆ ನೋವು ನುಂಗಿಕೊಂಡು ಕೂತ ಹೆಂಗಸರು ನನಗೇ ಗೊತ್ತು. ಅಪಾಯಿಂಟ್‌ಮೆಂಟ್ ತಗೊಂಡಾಗಲೇ ಅವರು ಮೇಲ್ ಕಳಿಸಿದ್ದರು. ಬೆನ್ನು ಹೇಗೆ ಬಾಗುತ್ತದೆ ಅಂತ ನೋಡಲು ಒಳ ಉಡುಪಿನವರೆಗೆ ಬಟ್ಟೆ ತೆಗೆಯಲು ಕೇಳಬಹುದು, ಬೇಡ ಅನಿಸಿದರೆ ಚಡ್ಡಿ ಮತ್ತು ತೋಳಿಲ್ಲದ ಬನಿಯನ್ ತನ್ನಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬರಬಹುದು ಅಂತ ಅದರಲ್ಲಿತ್ತು. ನಾನು ಹೆಂಗಸರನ್ನೇ ಕೇಳಿ ತಗೊಂಡೆ. ಕೇಳುವುದರಲ್ಲಿ ತಪ್ಪೇನಿಲ್ಲ, ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಗಳು ಓಡಲು ಹಾಕಿಕೊಳ್ಳುವ ಮಂಡಿಯವರೆಗಿನ ಚಡ್ಡಿ, ಮೇಲೆ ಒಂದು ಹಳೇ ಬನಿಯನ್ ಹಾಕಿಕೊಂಡೆ. ಪರದೆಯ ಹಿಂದೆ ಬಟ್ಟೆ ಬದಲಿಸುವಾಗ ಅವರು ಕೋಣೆಯಿಂದ ಆಚೆ ಹೋದರು. ಮೇಜಿನ ಮೇಲೆ ಮಲಗಿದಾಗ ಯಾವ ಭಾಗ ನೋಡಬೇಕೋ ಅದನ್ನು ಬಿಟ್ಟು ಉಳಿದದ್ದಕ್ಕೆ ದೊಡ್ಡ ಟವೆಲ್ ಹೊದಿಸಿದ್ದರು. ಸೊಂಟದ ಕೆಳಗೆ, ಪಿರ್ರೆಯ ಮೇಲೆ ಕೈ ಇಡುವಾಗ ಪ್ರತಿ ಸಲ ಮೊದಲು ಹೇಳಿ, ನಾನು ಹೂಂ ಅಂದ ಮೇಲೆ ಇಟ್ಟರು. ಒಬ್ಬರೇ ಹೋಗಲು ಸಂಕೋಚವಾದರೆ ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಅವರು ಒಳಗೇ ಕೂರಬಹುದು. ಮೊದಲೇ ಹೇಳಿದರೆ ಕ್ಲಿನಿಕ್‌ನವರೇ ಒಬ್ಬರನ್ನು ಕೂರಿಸುವ ವ್ಯವಸ್ಥೆಯೂ ಮಾಡುತ್ತಾರೆ.

ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದದ್ದು. ಬಟ್ಟೆಯ ಮಾತು ಬರುವ ಮೊದಲು ಅರ್ಧ ಗಂಟೆ ಬರೀ ಮಾತಾಡಿದರು. ನೋವು ಯಾವಾಗ ಬರುತ್ತೆ, ಕೆಮ್ಮಿದರೆ ಜಾಸ್ತಿಯಾಗುತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ, ಜ್ವರ ಬಂದಿತ್ತಾ, ಕಾರಣವಿಲ್ಲದೆ ತೂಕ ಇಳಿದಿದೆಯಾ, ಹಿಂದೆ ಯಾವತ್ತಾದರೂ ಕ್ಯಾನ್ಸರ್ ಆಗಿತ್ತಾ, ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೀರಾ, ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ, ಮುಟ್ಟು ನಿಂತಿದೆಯಾ. ಆಮೇಲೆ ನಿಧಾನವಾಗಿ, "ಇದು ಸ್ವಲ್ಪ ಮುಜುಗರದ ಪ್ರಶ್ನೆ, ಆದರೆ ಎಲ್ಲರನ್ನೂ ಕೇಳುತ್ತೇನೆ" ಅಂದು, ಮೂತ್ರ ಹೋಗುವಾಗ ಗೊತ್ತಾಗುತ್ತಾ, ತಡೆಯಲು ಆಗುತ್ತಾ, ಒರೆಸಿಕೊಳ್ಳುವಾಗ ಆ ಜಾಗದಲ್ಲಿ ಸ್ಪರ್ಶ ಮೊದಲಿನ ಹಾಗೇ ಇದೆಯಾ ಅಂತ ಕೇಳಿದರು.

ಯಾಕೆ ಕೇಳುತ್ತಿದ್ದೀರಿ ಅಂದೆ. ಅವರು ಬೆನ್ನೆಲುಬಿನ ಪ್ಲಾಸ್ಟಿಕ್ ಮಾದರಿ ತಂದು ಮಡಿಲಲ್ಲಿಟ್ಟು ತೋರಿಸಿದರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಗೊಂಚಲಾಗಿ ಇಳಿಯುತ್ತವೆ. ದೊಡ್ಡ ಡಿಸ್ಕ್ ಹೊರಬಂದು ಆ ಗೊಂಚಲನ್ನೇ ಅದುಮಿದರೆ ಮಲ ಮೂತ್ರದ ಹಿಡಿತ ತಪ್ಪಬಹುದು. ಸೈಕಲ್ ಸೀಟು ತಾಗುವ ಜಾಗವೆಲ್ಲ ಮರಗಟ್ಟಬಹುದು. ಎರಡೂ ಕಾಲಿನ ಶಕ್ತಿ ಹೋಗಬಹುದು. ಇದು ಅಪರೂಪ. ಆದರೆ ಆದಾಗ ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಆಗಬೇಕು. ತಡವಾದರೆ ಜೀವನಪೂರ್ತಿ ತೊಂದರೆ ಉಳಿಯುತ್ತದೆ. "ಹಾಗೇನಾದರೂ ಆದರೆ ನನಗೆ ಫೋನ್ ಮಾಡಬೇಡಿ, ಜಿಪಿಗೂ ಕಾಯಬೇಡಿ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ" ಅಂದರು. ಈ ಒಂದು ಮಾತು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ ಎಷ್ಟೋ ಜನ "ಉಷ್ಣ ಆಗಿದೆ" ಅಂತ ಎಳನೀರು ಕುಡಿದು ಮಲಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪರೀಕ್ಷೆ ಸರಳವಾಗಿತ್ತು. ನಿಲ್ಲಿಸಿ, ಬಗ್ಗಿಸಿ, ಪಕ್ಕಕ್ಕೆ ಬಾಗಿಸಿ ನೋಡಿದರು. ಹಿಮ್ಮಡಿ ಮೇಲೆ, ತುದಿಗಾಲ ಮೇಲೆ ನಡೆಸಿದರು. ಮಲಗಿಸಿ ಒಂದೊಂದೇ ಕಾಲನ್ನು ಮಂಡಿ ಮಡಚದೆ ಮೇಲೆತ್ತಿದರು. ರಬ್ಬರ್ ಸುತ್ತಿಗೆಯಿಂದ ಮಂಡಿಗೂ ಹಿಮ್ಮಡಿಯ ಹಿಂದೆಯೂ ತಟ್ಟಿದರು. ಕಾಲಿನ ಹೆಬ್ಬೆರಳನ್ನು ಒತ್ತಿ ಹಿಡಿದು, "ಮೇಲೆ ತಳ್ಳಿ" ಅಂದರು. ಆ ಹೆಬ್ಬೆರಳಿನ ಶಕ್ತಿ ನೋಡಿದರೆ ಸೊಂಟದ ಕೆಳಗಿನ ಒಂದು ನರ ಸರಿಯಾಗಿದೆಯಾ ಅಂತ ಗೊತ್ತಾಗುತ್ತದಂತೆ. ನನ್ನದು ಎರಡೂ ಕಡೆ ಗಟ್ಟಿಯಾಗಿತ್ತು.

"ಮೂಳೆ ಜಾಗ ಬಿಟ್ಟಿದೆಯಾ?" ಅಂತ ಕೇಳಿದೆ. ನಮ್ಮಲ್ಲಿ ಚಿಕ್ಕಂದಿನಿಂದ ಕೇಳಿದ್ದು ಅದನ್ನೇ ಅಲ್ವಾ? ಉಳುಕಿತು, ಕೀಲು ತಪ್ಪಿತು, ನೀವಿ ಕೂರಿಸಿದರು. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ನೋವು ಹೋಗುತ್ತೆ ಅಂತ ನಮ್ಮ ಅಜ್ಜಿ ಪಕ್ಕದ ಬೀದಿಯ ಹುಡುಗನನ್ನು ಕರೆಸಿದ್ದು ನನಗೆ ಈಗಲೂ ನೆನಪಿದೆ. ಆಸ್ಟಿಯೋಪಾತ್ ತಲೆ ಅಲ್ಲಾಡಿಸಿದರು. ಸೂಟ್‌ಕೇಸ್ ಎತ್ತಿದ್ದಕ್ಕೆ ಬೆನ್ನೆಲುಬಿನ ಮೂಳೆ ಜಾಗ ಬಿಡುವುದಿಲ್ಲ, ನಾನು ಏನನ್ನೂ ವಾಪಸ್ ಕೂರಿಸುವುದೂ ಇಲ್ಲ ಅಂದರು. ಕೀಲಿನ ಸುತ್ತ ಎಳೆತವಾಗಿ ಸ್ನಾಯು ಬಿಗಿಹಿಡಿದಿದೆ, ಆ ಭಾಗ ತುಂಬಾ ಸೂಕ್ಷ್ಮವಾಗಿದೆ, ಚಿಕಿತ್ಸೆಯಿಂದ ಬಿಗಿತ ಕಡಿಮೆಯಾದರೆ ನೀವು ಮತ್ತೆ ಓಡಾಡಬಹುದು, ನಿಜವಾದ ಗುಣ ಆ ಓಡಾಟದಿಂದಲೇ ಬರುತ್ತದೆ ಅಂದರು. ಈ ಉತ್ತರ ನನಗೆ ಬಹಳ ಹಿಡಿಸಿತು. ಮೂಳೆ ಜಾರಿದೆ ಅಂದುಕೊಂಡವರು ಜೀವನಪೂರ್ತಿ ಹೆದರಿ ಬಗ್ಗುತ್ತಾರೆ. ಎಳೆತ ಅಂತ ಗೊತ್ತಾದರೆ ಧೈರ್ಯವಾಗಿ ಓಡಾಡುತ್ತಾರೆ.

ಚಿಕಿತ್ಸೆಗೆ ಮೊದಲು ಅಪಾಯಗಳನ್ನೂ ಹೇಳಿದರು. ಒಂದೆರಡು ದಿನ ಮೈಕೈ ನೋವು, ಆಯಾಸ, ಕೆಲವರಿಗೆ ತಲೆನೋವು ಬರುವುದು ಮಾಮೂಲು. ಕುತ್ತಿಗೆಯನ್ನು ಜೋರಾಗಿ ತಿರುಗಿಸುವ ವಿಧಾನದಲ್ಲಿ, ತುಂಬಾ ಅಪರೂಪವಾಗಿ, ಮೆದುಳಿಗೆ ಹೋಗುವ ರಕ್ತನಾಳದ ಗೋಡೆ ಹರಿದು ಪಾರ್ಶ್ವವಾಯು ಆಗಬಹುದು. ನನ್ನ ಸೊಂಟ ನೋವಿಗೆ ಕುತ್ತಿಗೆ ಮುಟ್ಟುವ ಅಗತ್ಯವಿರಲಿಲ್ಲ. ಆದರೂ ನಾನು, "ಕುತ್ತಿಗೆ ಬೇಡವೇ ಬೇಡ" ಅಂದೆ. ಅವರು ಕಾಗದದಲ್ಲಿ ಹಾಗೇ ಬರೆದುಕೊಂಡರು. ಇಷ್ಟು ವಿವರವಾಗಿ ಹೇಳುವುದಕ್ಕೆ ಕಾನೂನಿನ ಬಲವೂ ಇದೆ. ಮಧುಮೇಹವಿದ್ದ ತಾಯಿಯೊಬ್ಬರಿಗೆ ಹೆರಿಗೆಯ ಅಪಾಯ ಮೊದಲೇ ತಿಳಿಸಲಿಲ್ಲ ಅನ್ನುವ ಮೊಕದ್ದಮೆ ಸ್ಕಾಟ್ಲೆಂಡಿನಿಂದ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2015ರಲ್ಲಿ ಕೋರ್ಟು, ರೋಗಿ ಯಾವುದನ್ನು ಮುಖ್ಯ ಅಂತ ಭಾವಿಸಬಹುದೋ ಆ ಅಪಾಯವನ್ನು ಹೇಳಲೇಬೇಕು ಅಂತ ತೀರ್ಪು ಕೊಟ್ಟಿತು. ಒಮ್ಮೆ ಒಪ್ಪಿದ ಮೇಲೂ ಮಧ್ಯದಲ್ಲಿ "ಸಾಕು" ಅನ್ನುವ ಹಕ್ಕು ನಮಗಿದೆ. ಡಾಕ್ಟರ ಎದುರು ಬಾಯಿ ಮುಚ್ಚಿಕೊಂಡು ಕೂರುವುದೇ ಮರ್ಯಾದೆ ಅಂತ ಕಲಿತು ಬೆಳೆದ ನಮಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮೊದಲು ಬೆನ್ನಿನ ಎರಡೂ ಬದಿಯ ಸ್ನಾಯುಗಳನ್ನು ಅಂಗೈಯಿಂದ ನಿಧಾನವಾಗಿ, ಚಪಾತಿ ಹಿಟ್ಟು ನಾದಿದ ಹಾಗೆ, ಒತ್ತಿ ಬಿಟ್ಟು ಮಾಡಿದರು. ಬಲಗಡೆ ಒಂದು ಕಡೆ ಬೆರಳು ತಾಗಿದಾಗ ನೋವು ತೊಡೆಗೆ ಹೋಯಿತು. ಅಲ್ಲೇ ಒತ್ತಿ ಹಿಡಿದು, ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದರು. ಆರು ಅಂದೆ. ಸಡಿಲ ಮಾಡಿದರು. ಆಮೇಲೆ ಮಂಡಿಯನ್ನು ಎದೆಯ ಕಡೆ ಮಡಚಿ, "ನನ್ನ ಕೈಯನ್ನು ಮೆಲ್ಲಗೆ ತಳ್ಳಿ, ಪೂರ್ತಿ ಶಕ್ತಿ ಬೇಡ" ಅಂದರು. ಸ್ವಲ್ಪ ಹೊತ್ತು ತಳ್ಳಿ, ಉಸಿರು ಬಿಟ್ಟಾಗ ಕಾಲು ಇನ್ನೊಂಚೂರು ಮುಂದೆ ಹೋಯಿತು. ಹೀಗೇ ಮೂರ್ನಾಲ್ಕು ಸಲ.

ಕೊನೆಗೆ ಎಲ್ಲರೂ ಹೆದರುವ ಆ 'ಲಟಕ್'. ಮಾಡಬಹುದಾ ಅಂತ ಕೇಳಿದರು. ಇಷ್ಟವಿಲ್ಲದಿದ್ದರೆ ಬೇರೆ ವಿಧಾನವಿದೆ ಅಂದರು. ಹೂಂ ಅಂದೆ. ಎಡಗಡೆಗೆ ಮಲಗಿಸಿ, ಮೇಲಿನ ಮಂಡಿ ಮಡಚಿ, ಭುಜ ಹಿಂದಕ್ಕೆ, ಸೊಂಟ ಮುಂದಕ್ಕೆ ತಿರುಗಿಸಿದರು. ದೀರ್ಘ ಉಸಿರು ತಗೊಂಡು ಬಿಡಿ ಅಂದರು. ಬಿಡುವಾಗ ಒಂದು ಚಿಕ್ಕ ತಳ್ಳು. ಲಟಲಟ ಅಂತ ಸದ್ದು ಬಂತು. ನೋವೇ ಆಗಲಿಲ್ಲ. ಸದ್ದಿಗೆ ಮಾತ್ರ ಎದೆ ಧಸಕ್ ಅಂದಿತು. ಬೆರಳು ಲಟಿಕೆ ಮುರಿದಾಗ ಬರುವುದೂ ಇದೇ ಸದ್ದೇ. ಕೀಲಿನೊಳಗೆ ಜಾರುವ ದ್ರವ ಇರುತ್ತದೆ. ಕೀಲು ತಟ್ಟನೆ ಅಗಲವಾದಾಗ ಒತ್ತಡ ಇಳಿದು, ದ್ರವದಲ್ಲಿ ಕರಗಿದ್ದ ಅನಿಲದಿಂದ ಗುಳ್ಳೆಯಂಥ ಖಾಲಿ ಜಾಗ ಆಗುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳನ್ನು ಎಂಆರ್‌ಐ ಒಳಗಿಟ್ಟು ಎಳೆದು, ಸದ್ದು ಬರುವ ಹೊತ್ತಿಗೇ ಆ ಜಾಗ ಮೂಡುವುದನ್ನು ಚಿತ್ರ ತೆಗೆದು ತೋರಿಸಿದರು. ಮೂಳೆ ಮೂಳೆಗೆ ತಿಕ್ಕಿ ಬರುವ ಸದ್ದಲ್ಲ ಅದು. ಸದ್ದು ಬಂದರೇ ಚಿಕಿತ್ಸೆ ಆಯಿತು ಅಂತಲೂ ಇಲ್ಲ. ಇದನ್ನು ವಿಡಿಯೋ ನೋಡಿ ಮನೆಯಲ್ಲಿ ಒಬ್ಬರಿಗೊಬ್ಬರು ಮಾಡಿಕೊಳ್ಳುವವರಿದ್ದಾರೆ. ಪರೀಕ್ಷೆ ಇಲ್ಲ, ಪ್ರಶ್ನೆ ಇಲ್ಲ, ಎಳೆದು ತಿರುಗಿಸುವುದೊಂದೇ. ಅದನ್ನು ನೋಡಿದರೆ ನನಗೆ ಜೀವ ಹೋದಹಾಗಾಗುತ್ತದೆ.

ಎದ್ದು ನಿಂತಾಗ ಹಗುರ ಅನಿಸಿತು. ಅವತ್ತು ಸಾಯಂಕಾಲ ತುಂಬಾ ಆಯಾಸ. ಮಾರನೇ ದಿನ ಬೆಳಿಗ್ಗೆ ಮೊದಲಿಗಿಂತ ಜಾಸ್ತಿ ನೋವು, ಯಾರೋ ಹೊಡೆದ ಹಾಗೆ. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಬಿಸಿನೀರಿನ ಚೀಲ ಇಟ್ಟುಕೊಂಡೆ, ಮನೆಯೊಳಗೇ ಓಡಾಡಿದೆ. ಆಮೇಲೆ ಇಳಿಯಿತು. ವಾರ ಕಳೆಯುವುದರೊಳಗೆ ಕಾಲುಚೀಲ ನಾನೇ ಹಾಕಿಕೊಳ್ಳುವ ಹಾಗಾದೆ.

ಇದರಲ್ಲಿ ಅವರ ಕೈ ಎಷ್ಟು, ದಿನ ಕಳೆದದ್ದು ಎಷ್ಟು ಅಂತ ಕೇಳಿದರೆ ಬೇರ್ಪಡಿಸಿ ಹೇಳಲಾಗದು. ಹೆಚ್ಚಿನವರ ಸೊಂಟ ನೋವು ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಆಸ್ಟಿಯೋಪಾತ್ ಕೂಡ ಇದನ್ನೇ ಹೇಳಿದರು. ನೈಸ್ ಮಾರ್ಗಸೂಚಿಯೂ ಕೈಯಿಂದ ಮಾಡುವ ಚಿಕಿತ್ಸೆಯನ್ನು ಪರಿಗಣಿಸಬಹುದು, ಆದರೆ ವ್ಯಾಯಾಮದ ಜೊತೆ ಸೇರಿಸಿ ಮಾತ್ರ ಅನ್ನುತ್ತದೆ. ಅದಕ್ಕೇ ನನಗೆ ಬಂದ ದೊಡ್ಡ ಲಾಭ ಅಂದರೆ ವ್ಯಾಯಾಮದ ಕಾಗದ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಒಂದೊಂದೇ ಮಂಡಿಯನ್ನು ಎದೆಗೆ ಒತ್ತಿಕೊಳ್ಳುವುದು. ಅಂಬೆಗಾಲಿನಲ್ಲಿ ನಿಂತು ಬಲಗೈ, ಎಡಗಾಲು ಒಟ್ಟಿಗೆ ಚಾಚುವುದು, ಆಮೇಲೆ ಕೈಕಾಲು ಬದಲಿಸುವುದು. ಈ ಕೊನೆಯದು ನೋಡಲು ಸುಲಭ. ಮೊದಲ ದಿನ ನನ್ನ ಸೊಂಟ ಒಂದು ಕಡೆ ವಾಲಿಬಿಡುತ್ತಿತ್ತು. ಅವರು ಬೆನ್ನಿನ ಮೇಲೆ ಪ್ಲಾಸ್ಟಿಕ್ ಲೋಟ ಇಟ್ಟು, ಬೀಳದ ಹಾಗೆ ಮಾಡಿ ಅಂದರು. ಬೇಗ ಬೇಗ ಮಾಡಿದರೆ ಲೋಟ ಉರುಳುತ್ತದೆ. ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟದೆ, ನಿಧಾನಕ್ಕೆ ಚಾಚಿದರೆ ನಿಲ್ಲುತ್ತದೆ. ಕೆಲಸದ ಮಧ್ಯೆ ಗಂಟೆಗೊಮ್ಮೆ ಎದ್ದು ನಡೆಯುವುದನ್ನೂ ಸೇರಿಸಿದರು. ಮುಂದಿನ ಸಲ ಹೋದಾಗ ಮೊದಲ ಪ್ರಶ್ನೆಯೇ, "ವ್ಯಾಯಾಮ ಮಾಡಿದ್ರಾ?"

ದುಡ್ಡಿನ ವಿಷಯ. ನಾನು ಮೊದಲ ಸಲಕ್ಕೆ 60 ಪೌಂಡ್, ಆಮೇಲೆ ಸಲಕ್ಕೆ 50 ಪೌಂಡ್ ಕೊಟ್ಟೆ. ಲಂಡನ್ನಿನಲ್ಲಿ ಇನ್ನೂ ಜಾಸ್ತಿ ಇರುತ್ತದೆ. ಆಸ್ಟಿಯೋಪಥಿ ಕಲಿಸುವ ಕಾಲೇಜುಗಳ ಕ್ಲಿನಿಕ್‌ನಲ್ಲಿ ಶಿಕ್ಷಕರ ಕಣ್ಣೆದುರು ವಿದ್ಯಾರ್ಥಿಗಳು ನೋಡುತ್ತಾರೆ, ಅಲ್ಲಿ ಕಡಿಮೆ. ಎಷ್ಟು ಸಲ ಬರಬೇಕು ಅಂತ ಮೊದಲ ದಿನವೇ ಕೇಳಿದ್ದೆ. "ಕೆಲವು ಸಲ ನೋಡೋಣ. ಅಷ್ಟರಲ್ಲಿ ಗೆಲುವು ಕಾಣದಿದ್ದರೆ ನಾನೇ ನಿಮ್ಮನ್ನು ಜಿಪಿಗೆ ವಾಪಸ್ ಕಳಿಸುತ್ತೇನೆ" ಅಂದರು. ನೋವು ಇಳಿದ ಮೇಲೆ ಇನ್ನು ಬರಬೇಡಿ, ತೊಂದರೆಯಾದರೆ ಫೋನ್ ಮಾಡಿ ಅಂತ ಅವರೇ ನಿಲ್ಲಿಸಿದರು. ಗೆಳತಿಯೊಬ್ಬಳು ಬೇರೆ ಕಡೆ ಬೆನ್ನು ತೋರಿಸಲು ಹೋಗಿದ್ದಳು. ಅಲ್ಲಿ ಮೊದಲ ದಿನವೇ ಇಡೀ ವರ್ಷದ ಪ್ಯಾಕೇಜ್ ದುಡ್ಡು ಮುಂಗಡ ಕಟ್ಟಿ ಅಂದರಂತೆ. ನೋವಿನಲ್ಲಿರುವವರು ಯಾವುದಕ್ಕೂ ಹೂಂ ಅಂದುಬಿಡುತ್ತಾರೆ. ಅಂಥ ಹೊತ್ತಲ್ಲಿ ಹಾಗೆ ಕೇಳುವುದು ಸರಿಯಲ್ಲ ಅಂತ ನನಗೆ ಸಿಟ್ಟು ಬಂತು. ಅವಳಿಗೆ ಹೊರಟು ಬಾ ಅಂದೆ.

ಆಸ್ಟಿಯೋಪಥಿಯಿಂದ ಎಲ್ಲವೂ ವಾಸಿಯಾಗುತ್ತೆ ಅನ್ನುವವರೂ ಸಿಗುತ್ತಾರೆ. ನಮ್ಮ ಗುಂಪಿನಲ್ಲಿ ಇತ್ತೀಚೆಗೆ ಹೆರಿಗೆಯಾದವಳೊಬ್ಬಳು, ಮಗು ಸಾಯಂಕಾಲವಾದರೆ ಒಂದೇ ಸಮ ಅಳುತ್ತೆ, ತಲೆ ಒತ್ತಿಸಿದರೆ ಸರಿಹೋಗುತ್ತಂತೆ, ಕರ್ಕೊಂಡು ಹೋಗ್ಲಾ ಅಂತ ಕೇಳಿದಳು. ಸೊಂಟ ನೋವಿಗೆ ಸ್ವಲ್ಪ ಆಧಾರವಿದೆ. ಆಸ್ತಮಾ, ಹೊಟ್ಟೆ ತೊಂದರೆ, ಮುಟ್ಟಿನ ನೋವು, ಮಗುವಿನ ಅಳು, ಇವಕ್ಕೆಲ್ಲ ಕೆಲಸ ಮಾಡುತ್ತದೆ ಅನ್ನಲು ಗಟ್ಟಿಯಾದ ಪುರಾವೆ ಇಲ್ಲ. ಎನ್‌ಎಚ್‌ಎಸ್ ಕೂಡ ಹೀಗೇ ಹೇಳುತ್ತದೆ. ಮಗುವನ್ನು ಮೊದಲು ಹೆಲ್ತ್ ವಿಸಿಟರ್‌ಗೆ (ಚಿಕ್ಕ ಮಕ್ಕಳ ಆರೋಗ್ಯ ವಿಚಾರಿಸುವ ನರ್ಸ್), ಜಿಪಿಗೆ ತೋರಿಸು ಅಂತ ಅವಳಿಗೆ ಹೇಳಿದೆ.

ಇನ್ನು ಅಮ್ಮ. ನಾನು ಚೇತರಿಸಿಕೊಂಡದ್ದು ಕೇಳಿ, "ನಂಗೂ ಸೊಂಟ ನೋವಲ್ವೇನೇ, ಇಲ್ಲಿ ಯಾರಾದ್ರೂ ಇದ್ದಾರಾ ನೋಡು" ಅಂದರು. ಅಮ್ಮನಿಗೆ ಮೂಳೆ ಟೊಳ್ಳಾಗುವ ತೊಂದರೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯೂ ಇದೆ. ಮೂಳೆ ಟೊಳ್ಳಾದವರಿಗೆ ಆ ಜೋರಾದ ತಳ್ಳು ಕೊಟ್ಟರೆ ಮೂಳೆ ಮುರಿಯಬಹುದು. ರಕ್ತ ತೆಳುವಿರುವವರಿಗೆ ಒಳಗೆ ರಕ್ತಸ್ರಾವವಾಗಬಹುದು. ರುಮಟಾಯ್ಡ್ ಸಂಧಿವಾತ ಇರುವವರ ಕುತ್ತಿಗೆಯನ್ನಂತೂ ಹಾಗೆ ಜೋರಾಗಿ ತಿರುಗಿಸಲೇಬಾರದು. ಭಾರತದಲ್ಲಿ ಬ್ರಿಟನ್ನಿನ ಥರ ಆಸ್ಟಿಯೋಪಾತ್‌ಗಳಿಗೇ ಅಂತ ಪ್ರತ್ಯೇಕ ಕಾನೂನಿಲ್ಲ. ಹೆಸರು ಹಾಕಿ ನೋಡುವಂಥ ಕಾನೂನುಬದ್ಧ ಪಟ್ಟಿಯೂ ಇಲ್ಲ. ಹಾಗಾಗಿ ಅಮ್ಮನಿಗೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಪದವೀಧರ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಮಾತ್ರೆಗಳ ಹಾಳೆ ಕೈಯಲ್ಲೇ ಇರಲಿ, ಯಾರೇ ಆಗಲಿ ಲಟಕ್ ಅನ್ನಿಸ್ತೀನಿ ಅಂದರೆ ಬೇಡ ಅಂದುಬಿಡಿ ಅಂತ ಹೇಳಿದೆ. "ಬೇಡ ಅಂದ್ರೆ ಬೇಜಾರು ಮಾಡ್ಕೊಳ್ಳಲ್ವಾ ಅವರು?" ಅಂದರು ಅಮ್ಮ. "ಮಾಡ್ಕೊಂಡ್ರೆ ಎದ್ದು ಬಂದ್ಬಿಡಮ್ಮ" ಅಂದೆ.

ಮುಂದಿನ ವಾರ ಸ್ಲೌನಲ್ಲಿರುವ ಗೆಳತಿ ಭುಜದ ನೋವಿಗೆ ಮೊದಲ ಸಲ ಹೋಗುತ್ತಿದ್ದಾಳೆ. ಬಟ್ಟೆಯ ಪ್ರಶ್ನೆ ಕೇಳಿದವಳು ಇವಳಲ್ಲ, ಇನ್ನೊಬ್ಬಳು. ಈ ಸ್ಲೌ ಗೆಳತಿ ಹೋಗುವ ಕಡೆಯವರ ಹೆಸರನ್ನು ಇಬ್ಬರೂ ಕೂತು ಪಟ್ಟಿಯಲ್ಲಿ ನೋಡಿದೆವು, ಇದೆ. ಅವಳ ಥೈರಾಯ್ಡ್ ಮಾತ್ರೆ, ಬಿಪಿ ಮಾತ್ರೆಯ ಹೆಸರುಗಳನ್ನು ಫೋನಿನಲ್ಲಿ ಬರೆದುಕೊಂಡಿದ್ದಾಳೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.